ಬೆದೆಗೆ ತರುವ ಯೋನಿ ಸಾಧನಗಳು: ಔಷಧದ ತೂಕವೋ, ಅದನ್ನು ಹಿಡಿದಿರುವ ವಸ್ತುವೋ?

ಬೆಂಗಳೂರಿನ ಸುದ್ದಗುಂಟೆಪಾಳ್ಯದ ಮಗ್ಗುಲಲ್ಲೇ ಬೆಂಗಳೂರು ಡೇರಿ ಇದೆ. 1965ರಲ್ಲಿ ಆರಂಭವಾದ ಈ ಡೇರಿಯಿಂದಲೇ ಹೊಸೂರು ರಸ್ತೆಯ ಆ ವೃತ್ತಕ್ಕೆ ಡೇರಿ ಸರ್ಕಲ್ ಎಂಬ ಹೆಸರು ಬಂದಿದೆ. ಸುತ್ತಮುತ್ತಲ ಜಿಲ್ಲೆಗಳ ಹಳ್ಳಿಗಳಲ್ಲಿ ಎರಡು ಹೊತ್ತು ಕರೆದ ಹಾಲು ಸಂಘಗಳ ಮೂಲಕ ಇಲ್ಲಿಗೆ ಹರಿದುಬರುತ್ತದೆ. ಅಲ್ಲಿಂದ ಕೂಗಳತೆಯ ಆಡುಗೋಡಿಯಲ್ಲಿ 1923ರಲ್ಲಿ ಸ್ಥಾಪನೆಯಾದ ಇಂಪೀರಿಯಲ್ ಪಶುಪಾಲನೆ ಮತ್ತು ಹೈನು ಸಂಸ್ಥೆಯ ಹಳೆಯ ನೆಲೆ ಇದೆ. ಅದು ಈಗ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರ. ಅದರ ನೆರೆಯಲ್ಲಿಯೇ 1995ರಲ್ಲಿ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯೂ ಆರಂಭವಾಯಿತು. ಹಾಲು ಬಂದು ಸೇರುವ ಜಾಗ, ಹಾಲು ಕೊಡುವ ಪ್ರಾಣಿಯ ದೇಹವನ್ನು ಅಭ್ಯಸಿಸುವ ಜಾಗ ಎರಡೂ ಹೀಗೆ ಒಂದೇ ನೆರೆಯಲ್ಲಿವೆ.

ಡೇರಿಗೆ ಹಾಲು ಹಾಕುವ ರೈತನ ಆದಾಯವು ಹಸು ದಿನಕ್ಕೆ ಎಷ್ಟು ಕರೆಯುತ್ತದೆ ಎಂಬುದರ ಜೊತೆಗೆ, ಎಷ್ಟು ತಿಂಗಳಿಗೊಮ್ಮೆ ಕರು ಹಾಕುತ್ತದೆ ಎಂಬುದನ್ನೂ ಅವಲಂಬಿಸಿದೆ. ಹಸುವಿನ ಬೆದೆಯ ಚಕ್ರ ಸುಮಾರು 21 ದಿನ. ಮೂರು ಬೆದೆಗಳು ಕಣ್ತಪ್ಪಿದರೆ 63 ದಿನ ವ್ಯರ್ಥವಾದಂತೆ. ಅಷ್ಟು ದಿನವೂ ಹಸುವಿಗೆ ಹುಲ್ಲು, ಹಿಂಡಿ ಹಾಕಲೇಬೇಕು. ಆದ್ದರಿಂದ ಕರು ಹಾಕಿ ತಿಂಗಳುಗಳಾದರೂ ಬೆದೆಗೆ ಬಾರದ ಹಸುಗಳಿಗೆ ಪಶುವೈದ್ಯರು ಯೋನಿಯಲ್ಲಿಡುವ ಪ್ರೊಜೆಸ್ಟರೋನ್ ಸಾಧನವನ್ನು ಬಳಸುವುದು ನಮ್ಮಲ್ಲಿಯೂ ರೂಢಿಗೆ ಬಂದಿದೆ.

ಈ ಸಾಧನಗಳನ್ನು ಕಂಡ ರೈತರಲ್ಲಿ ಕೆಲವು ಸಂದೇಹಗಳು ಏಳುವುದು ಸಹಜ. ಒಂದು ಸಾಧನದಲ್ಲಿ 1.9 ಗ್ರಾಂ ಔಷಧ, ಇನ್ನೊಂದರಲ್ಲಿ 1.38 ಗ್ರಾಂ ಇದ್ದರೆ ಎರಡನೆಯದು ಕಡಿಮೆ ದರ್ಜೆಯದೇ? ಒಮ್ಮೆ ಬಳಸಿ ತೆಗೆದ ಸಾಧನದಲ್ಲಿ ಔಷಧ ಉಳಿದಿದ್ದರೆ ಅದನ್ನು ಇನ್ನೊಂದು ಹಸುವಿಗೆ ಏಕೆ ಇಡಬಾರದು? ಔಷಧದ ಅಂಗಡಿಯಲ್ಲಿ ಸಿಗುವ ಅದೇ ಹಾರ್ಮೋನಿನ ಗುಳಿಗೆಯನ್ನು ಏಕೆ ಬಳಸಬಾರದು? ಈ ಮೂರು ಪ್ರಶ್ನೆಗಳಿಗೂ ಉತ್ತರ ಒಂದೇ ಕಡೆ ಇದೆ. ಯೋನಿಯ ಮೂಲಕ ದೇಹ ಸೇರುವ ಔಷಧದ ಪ್ರಮಾಣವನ್ನು ನಿರ್ಧರಿಸುವುದು ಅದರ ಒಟ್ಟು ತೂಕಕ್ಕಿಂತ ಮಿಗಿಲಾಗಿ ಅದನ್ನು ಹಿಡಿದಿರುವ ವಸ್ತು, ಆ ವಸ್ತುವಿನ ಮೈ ವಿಸ್ತಾರ ಮತ್ತು ಅದು ಒಳಗಿರುವ ಅವಧಿ.

ಪ್ರೊಜೆಸ್ಟರೋನ್ ಮಾಡುವ ಕೆಲಸ

ಹಸುವಿನ ಅಂಡಾಶಯದಿಂದ ಅಂಡ ಬಿಡುಗಡೆಯಾದ ಜಾಗದಲ್ಲಿ ಹಳದಿ ಬಣ್ಣದ ಒಂದು ಗಂಟು ಬೆಳೆಯುತ್ತದೆ. ಇದಕ್ಕೆ ಕಾರ್ಪಸ್ ಲೂಟಿಯಂ ಎಂದು ಹೆಸರು. ಇದು ಸ್ರವಿಸುವ ಹಾರ್ಮೋನೇ ಪ್ರೊಜೆಸ್ಟರೋನ್. ಗಬ್ಬವನ್ನು ಕಾಪಾಡುವುದು ಇದರ ಮುಖ್ಯ ಕೆಲಸ. ರಕ್ತದಲ್ಲಿ ಇದು ಸಾಕಷ್ಟು ಇರುವ ತನಕ ಮೆದುಳಿನಿಂದ ಬೆದೆಗೆ ಬೇಕಾದ ಆಜ್ಞೆ ಹೊರಡುವುದಿಲ್ಲ. ಹಸು ಗಬ್ಬವಾಗದಿದ್ದರೆ ಹಳದಿ ಗಂಟು ಕರಗಿ, ಪ್ರೊಜೆಸ್ಟರೋನ್ ಮಟ್ಟ ಥಟ್ಟನೆ ಇಳಿದು, ಎರಡು ಮೂರು ದಿನಗಳಲ್ಲಿ ಹಸು ಬೆದೆಗೆ ಬರುತ್ತದೆ.

ಯೋನಿ ಸಾಧನವು ಈ ಹಳದಿ ಗಂಟಿನ ಕೆಲಸವನ್ನು ಕೆಲವು ದಿನ ತಾನು ವಹಿಸಿಕೊಳ್ಳುತ್ತದೆ. ಸಾಧನ ಒಳಗಿರುವಾಗ ಬೆದೆ ತಡೆದಿರುತ್ತದೆ. ಎಳೆದು ತೆಗೆದೊಡನೆ ರಕ್ತದ ಮಟ್ಟ ಇಳಿದು ಬೆದೆ ಬರುತ್ತದೆ. ಆದ್ದರಿಂದ ಒಳ್ಳೆಯ ಸಾಧನ ಎರಡು ಗುಣಗಳನ್ನು ಹೊಂದಿರಬೇಕು. ಒಳಗಿರುವಷ್ಟು ದಿನವೂ ಬೇಕಾದ ಮಟ್ಟವನ್ನು ಕಾಯ್ದಿಡಬೇಕು. ತೆಗೆದ ಮೇಲೆ ದೇಹದಲ್ಲಿ ಔಷಧದ ಶೇಷ ನಿಲ್ಲಬಾರದು.

ಯೋನಿಯ ಮಾರ್ಗವೇ ಏಕೆ?

ಬಾಯಿಯ ಮೂಲಕ ಕೊಟ್ಟ ಪ್ರೊಜೆಸ್ಟರೋನ್ ಕರುಳಿನಿಂದ ನೇರವಾಗಿ ಪಿತ್ತಜನಕಾಂಗಕ್ಕೆ ಹೋಗುತ್ತದೆ. ಅಲ್ಲಿ ಬಹುಪಾಲು ಒಡೆದು ನಿಷ್ಫಲವಾಗುತ್ತದೆ. ಎಣ್ಣೆಯಲ್ಲಿ ಬೆರೆಸಿ ಚುಚ್ಚುಮದ್ದಾಗಿ ಕೊಟ್ಟರೆ ಕೆಲಸ ಮಾಡುತ್ತದೆಯಾದರೂ ಮಟ್ಟ ಉಳಿಸಲು ಮೇಲಿಂದ ಮೇಲೆ ಚುಚ್ಚಬೇಕಾಗುತ್ತದೆ. ಯೋನಿಯ ಒಳಪೊರೆಗೆ ರಕ್ತನಾಳಗಳು ಧಾರಾಳವಾಗಿವೆ. ಅಲ್ಲಿಂದ ಹೊರಡುವ ರಕ್ತ ಮೊದಲು ಪಿತ್ತಜನಕಾಂಗವನ್ನು ಹೊಗದೆ ದೇಹದ ಮುಖ್ಯ ರಕ್ತಪ್ರವಾಹವನ್ನು ಸೇರುತ್ತದೆ. ಪ್ರೊಜೆಸ್ಟರೋನ್ ಕೊಬ್ಬಿನಲ್ಲಿ ಸುಲಭವಾಗಿ ಕರಗುವ ವಸ್ತುವಾದ್ದರಿಂದ ಒಳಪೊರೆಯನ್ನು ದಾಟುವುದು ಅದಕ್ಕೆ ಕಷ್ಟವಲ್ಲ.

ಕಷ್ಟವಿರುವುದು ಅದಕ್ಕಿಂತ ಹಿಂದಿನ ಹೆಜ್ಜೆಯಲ್ಲಿ. ಪ್ರೊಜೆಸ್ಟರೋನ್ ನೀರಿನಲ್ಲಿ ಕರಗುವುದು ಅತ್ಯಲ್ಪ. ಒಳಪೊರೆಯನ್ನು ಮುಟ್ಟಬೇಕಾದರೆ ಅದು ಮೊದಲು ತನ್ನನ್ನು ಹಿಡಿದಿರುವ ವಸ್ತುವಿನಿಂದ ಬಿಡಿಸಿಕೊಂಡು, ಯೋನಿಯ ತೆಳುವಾದ ಲೋಳೆಯನ್ನು ದಾಟಬೇಕು. ಆದ್ದರಿಂದ ಒಳಪೊರೆ ಎಷ್ಟು ಹೀರಬಲ್ಲದು ಎಂಬುದಕ್ಕಿಂತ ಸಾಧನ ಎಷ್ಟು ಬಿಟ್ಟುಕೊಡುತ್ತದೆ ಎಂಬುದೇ ಲೆಕ್ಕಕ್ಕೆ ಬರುತ್ತದೆ.

ಬೇರೆ ಬೇರೆ ರೂಪಗಳು, ಬೇರೆ ಬೇರೆ ನಡತೆ

1. ಸ್ಪಂಜು: ಆಸ್ಟ್ರೇಲಿಯಾದ ಸಿಡ್ನಿ ವಿಶ್ವವಿದ್ಯಾನಿಲಯದ ಟಿ. ಜೆ. ರಾಬಿನ್ಸನ್ ಅವರು 1965ರಲ್ಲಿ ಕುರಿಗಳ ಬೆದೆ ನಿಯಂತ್ರಣಕ್ಕೆ ಔಷಧ ಹೀರಿಸಿದ ಸ್ಪಂಜನ್ನು ಯೋನಿಯಲ್ಲಿಡುವ ವಿಧಾನವನ್ನು ಪ್ರಕಟಿಸಿದರು. ಕುರಿ, ಮೇಕೆಗಳಲ್ಲಿ ಇದು ಇಂದಿಗೂ ಬಳಕೆಯಲ್ಲಿದೆ. ಔಷಧವು ಸ್ಪಂಜಿನ ಕಿರುರಂಧ್ರಗಳ ಗೋಡೆಗೆ ಅಂಟಿಕೊಂಡಿರುತ್ತದೆ. ಒಳಗೆ ಇಟ್ಟ ಕೂಡಲೇ ಸ್ಪಂಜು ಲೋಳೆಯನ್ನು ಹೀರಿ ಔಷಧವನ್ನು ಬಿಡತೊಡಗುತ್ತದೆ. ಹೀರಿದ ಲೋಳೆ ಹೊರಬರುವ ದಾರಿಯಿಲ್ಲದೆ ಅಲ್ಲೇ ನಿಲ್ಲುವುದರಿಂದ, ತೆಗೆಯುವಾಗ ವಾಸನೆಯ ದ್ರವ ಬರುವುದು ಸಾಮಾನ್ಯ. ಇದನ್ನು ಕಂಡು ಗಾಬರಿಯಾಗಬೇಕಿಲ್ಲ. ದ್ರವ ಮುಂದೆಯೂ ಬರುತ್ತಿದ್ದರೆ ಮಾತ್ರ ವೈದ್ಯರಿಗೆ ತೋರಿಸಬೇಕು.

ಸ್ಪಂಜುಗಳಲ್ಲಿ ಔಷಧದ ತೂಕ ಒಂದೇ ಆಗಿರುವುದಿಲ್ಲ. ಕೃತಕ ಹಾರ್ಮೋನಾದ ಮೆಡ್ರಾಕ್ಸಿಪ್ರೊಜೆಸ್ಟರೋನ್ ಅಸಿಟೇಟ್ ಇರುವ ಸ್ಪಂಜಿನಲ್ಲಿ 60 ಮಿ.ಗ್ರಾಂ ಸಾಕು. ರಾಜಸ್ಥಾನದ ಅವಿಕಾನಗರದ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆ ರೂಪಿಸಿದ ‘ಅವಿಕೆಸಿಲ್-ಎಸ್’ ಸ್ಪಂಜಿನಲ್ಲಿ ಸಹಜ ಪ್ರೊಜೆಸ್ಟರೋನ್ 350 ಮಿ.ಗ್ರಾಂ ಇದೆ. ಮೊದಲನೆಯದು ದುರ್ಬಲ, ಎರಡನೆಯದು ಪ್ರಬಲ ಎಂದು ಇದರಿಂದ ತಿಳಿಯಬಾರದು. ಕೃತಕ ಹಾರ್ಮೋನು ದೇಹದಲ್ಲಿ ಬೇಗನೆ ಒಡೆಯದೆ ಹೆಚ್ಚು ಕಾಲ ಕೆಲಸ ಮಾಡುವುದರಿಂದ ಅದರ ಅಲ್ಪ ಪ್ರಮಾಣ ಸಾಕಾಗುತ್ತದೆ.

2. ಸುರುಳಿ: 1970ರ ದಶಕದಲ್ಲಿ ಬಂದ ಈ ಸಾಧನದಲ್ಲಿ ತುಕ್ಕು ಹಿಡಿಯದ ಉಕ್ಕಿನ ಪಟ್ಟಿಯ ಸುರುಳಿಗೆ ಸಿಲಿಕೋನ್ ರಬ್ಬರಿನ ಹೊದಿಕೆ ಇದ್ದು, ಅದರಲ್ಲಿ 1.55 ಗ್ರಾಂ ಪ್ರೊಜೆಸ್ಟರೋನ್ ಬೆರೆತಿತ್ತು. ಇದರ ಮೇಲೆ 10 ಮಿ.ಗ್ರಾಂ ಈಸ್ಟ್ರಡಯೋಲ್ ಬೆಂಜೊಯೇಟ್ ಇರುವ ಜೆಲಾಟಿನ್ ಗುಳಿಗೆಯನ್ನು ಅಂಟಿಸುತ್ತಿದ್ದರು. ಜೆಲಾಟಿನ್ ದೇಹದ ಶಾಖ, ತೇವಗಳಿಗೆ ಬೇಗನೆ ಕರಗಿ ತನ್ನ ಔಷಧವನ್ನು ಒಮ್ಮೆಗೇ ಬಿಡುತ್ತಿತ್ತು. ಸಿಲಿಕೋನ್ ಮಾತ್ರ ದಿನಗಟ್ಟಲೆ ನಿಧಾನವಾಗಿ ಬಿಡುತ್ತಿತ್ತು. ಒಂದೇ ಜಾಗದಲ್ಲಿ, ಒಂದೇ ಸಾಧನದ ಮೇಲೆ ಇದ್ದ ಎರಡು ಹಾರ್ಮೋನುಗಳು ಎರಡು ವೇಗದಲ್ಲಿ ದೇಹ ಸೇರುತ್ತಿದ್ದವು. ಹಿಡಿದಿರುವ ವಸ್ತುವಿನ ಪ್ರಭಾವಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ. ಆಹಾರ ಕೊಡುವ ಪ್ರಾಣಿಗಳಲ್ಲಿ ಈಸ್ಟ್ರಡಯೋಲ್ ಬಳಕೆಯನ್ನು ಯುರೋಪ್ ಒಕ್ಕೂಟ ನಿಷೇಧಿಸಿದ ಮೇಲೆ ಅಲ್ಲಿ ಈ ಗುಳಿಗೆ ಕಣ್ಮರೆಯಾಯಿತು.

3. ಟಿ ಆಕಾರದ ಸಾಧನ: ಇದು ನ್ಯೂಜಿಲೆಂಡಿನಲ್ಲಿ ರೂಪುಗೊಂಡದ್ದು, ಸಿಡರ್ ಎಂಬ ಹೆಸರಿನಿಂದ ಪ್ರಸಿದ್ಧ. ಒಳಗೆ ನೈಲಾನ್ ಕಡ್ಡಿ, ಅದರ ಮೇಲೆ ಪ್ರೊಜೆಸ್ಟರೋನ್ ಬೆರೆಸಿ ಅಚ್ಚು ಹಾಕಿದ ಸಿಲಿಕೋನ್ ಪದರ. ಎರಡು ರೆಕ್ಕೆಗಳು ಯೋನಿಯ ಗೋಡೆಗೆ ಒತ್ತಿ ನಿಲ್ಲುವುದರಿಂದ ಬೀಳುವುದು ಕಡಿಮೆ. ಲೋಳೆ ಪಕ್ಕದಿಂದ ಹರಿದುಹೋಗುವುದರಿಂದ ಸ್ಪಂಜಿನಷ್ಟು ಕಟ್ಟಿಕೊಳ್ಳುವುದಿಲ್ಲ.

ಸಿಲಿಕೋನ್ ಔಷಧ ಬಿಡುವ ಬಗೆ

ನೀರಿನಲ್ಲಿ ನೆನೆಸಿದ ಇಟ್ಟಿಗೆಯನ್ನು ನೆರಳಿನಲ್ಲಿಟ್ಟರೆ ಅದು ಹೊರಮೈಯಿಂದ ಒಣಗುತ್ತಾ ಬರುತ್ತದೆ. ಮೊದಲು ಬೇಗ ಒಣಗುತ್ತದೆ. ಒಳಗಿನ ತೇವ ದೂರ ಸಾಗಿಬರಬೇಕಾದ್ದರಿಂದ ಬರಬರುತ್ತಾ ನಿಧಾನವಾಗುತ್ತದೆ. ಸಿಲಿಕೋನ್ ಪದರದಲ್ಲಿರುವ ಔಷಧವೂ ಹೀಗೆಯೇ. ಮೊದಲು ಮೇಲ್ಮೈಯ ಹರಳುಗಳು ಕರಗಿ ಹೊರಬರುತ್ತವೆ. ಅಲ್ಲಿ ಬರಿದಾದ ತೆಳು ಪದರ ಉಳಿಯುತ್ತದೆ. ಒಳಗಿನ ಔಷಧ ಈ ಬರಿದಾದ ಪದರವನ್ನು ದಾಟಿ ಬರಬೇಕು. ದಿನ ಕಳೆದಂತೆ ಈ ದೂರ ಹೆಚ್ಚುತ್ತದೆ.

ಇಂತಹ ವಸ್ತುವಿನಿಂದ ಔಷಧ ಹೊರಬರುವ ಲೆಕ್ಕವನ್ನು ಹಿಗುಚಿ ಎಂಬ ವಿಜ್ಞಾನಿ 1961ರಲ್ಲಿ ಸೂತ್ರವಾಗಿ ಕೊಟ್ಟರು. ಹೊರಬಂದ ಒಟ್ಟು ಔಷಧವು ಕಾಲದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ ಎಂಬುದು ಇದರ ತಿರುಳು. ಸರಳವಾಗಿ ಹೇಳುವುದಾದರೆ, ಮೊದಲನೆಯ ಪಾಲು ಹೊರಬರಲು 1 ದಿನ ಹಿಡಿದರೆ, ಅಷ್ಟೇ ಪ್ರಮಾಣದ ಎರಡನೆಯ ಪಾಲಿಗೆ ಮುಂದಿನ 3 ದಿನ, ಮೂರನೆಯ ಪಾಲಿಗೆ ಅದರ ಮುಂದಿನ 5 ದಿನ ಬೇಕು. ಸಾಧನ ಇಟ್ಟ ಮೊದಲ ದಿನದಲ್ಲಿ ರಕ್ತದ ಪ್ರೊಜೆಸ್ಟರೋನ್ ಮಟ್ಟ ಏರಿ, ನಂತರದ ದಿನಗಳಲ್ಲಿ ಮೆಲ್ಲಮೆಲ್ಲನೆ ಇಳಿಯುವುದು ಇದೇ ಕಾರಣದಿಂದ.

ಈಗ ಮೊದಲನೆಯ ಸಂದೇಹಕ್ಕೆ ಬರೋಣ. ಟಿ ಆಕಾರದ ಸಾಧನದಲ್ಲಿ ಮೊದಲು 1.9 ಗ್ರಾಂ ಪ್ರೊಜೆಸ್ಟರೋನ್ ಇತ್ತು. ಏಳು ದಿನದ ನಂತರ ತೆಗೆದಾಗ ಅದರ ಹೆಚ್ಚಿನ ಭಾಗ ಹಾಗೆಯೇ ಉಳಿದಿರುತ್ತಿತ್ತು. ಪದರದ ಆಳದಲ್ಲಿದ್ದ ಔಷಧ ಹೊರಗೆ ಬರುವ ಮುಂಚೆಯೇ ಅವಧಿ ಮುಗಿಯುತ್ತಿತ್ತು. ಮೈಕೆಲ್ ರಾಥ್‌ಬೋನ್ ಮತ್ತು ಸಂಗಡಿಗರು ಈ ಸಾಧನವನ್ನು ಮರುರೂಪಿಸಿ ಅದರ ವಿವರವನ್ನು 2002ರಲ್ಲಿ ಪ್ರಕಟಿಸಿದರು. ಮೈ ವಿಸ್ತಾರವನ್ನು ಉಳಿಸಿಕೊಂಡು ಪದರವನ್ನು ತೆಳುವಾಗಿಸಲಾಯಿತು. ಔಷಧದ ತೂಕ 1.38 ಗ್ರಾಂಗೆ, ಎಂದರೆ ನಾಲ್ಕನೆಯ ಒಂದು ಭಾಗಕ್ಕೂ ಹೆಚ್ಚು ಇಳಿಯಿತು. ಆದರೂ ಹಸುವಿನ ರಕ್ತದಲ್ಲಿ ಕಂಡುಬಂದ ಮಟ್ಟ ಕುಂದಲಿಲ್ಲ. ಹೊರಮೈ ಅಷ್ಟೇ ಇದ್ದುದರಿಂದ ಹೊರಬರುವ ಔಷಧವೂ ಅಷ್ಟೇ ಇತ್ತು. ಆದ್ದರಿಂದ ಪೊಟ್ಟಣದ ಮೇಲಿನ ಗ್ರಾಂ ಲೆಕ್ಕವನ್ನು ಮಾತ್ರ ನೋಡಿ ಎರಡು ಸಾಧನಗಳನ್ನು ತೂಗಬಾರದು.

ಬಳಸಿದ ಸಾಧನವನ್ನು ಮತ್ತೆ ಇಡಬಹುದೇ?

1.38 ಗ್ರಾಂ ಸಾಧನದಲ್ಲಿ ಏಳು ದಿನದ ನಂತರವೂ ಸುಮಾರು ಅರ್ಧದಷ್ಟು ಔಷಧ ಉಳಿದಿರುತ್ತದೆ. ಬೆಲೆ ತೆತ್ತ ರೈತನಿಗೆ ಅದನ್ನು ಎಸೆಯಲು ಮನಸ್ಸು ಬಾರದು. ಆದರೆ ಉಳಿದ ಅರ್ಧ ಮೊದಲಿನ ಅರ್ಧಕ್ಕೆ ಸಮಾನವಲ್ಲ. ಅದು ಪದರದ ಒಳಭಾಗದಲ್ಲಿದೆ. ಹೊರಗೆ ಬರಿದಾದ ಪದರವಿದೆ. ಎರಡನೆಯ ಹಸುವಿಗೆ ಅದರಿಂದ ಹೊಸ ಸಾಧನ ಕೊಡುವಷ್ಟು ಹಾರ್ಮೋನು ಸಿಗುವುದಿಲ್ಲ.

ಸ್ವಲ್ಪ ಕಡಿಮೆಯಾದರೆ ಏನಾಯಿತು ಎನ್ನುವಂತಿಲ್ಲ. ಪ್ರೊಜೆಸ್ಟರೋನ್ ಅರೆಬರೆ ಮಟ್ಟದಲ್ಲಿದ್ದರೆ ಬೆದೆ ತಡೆಯುತ್ತದೆಯಾದರೂ ಅಂಡಾಶಯದಲ್ಲಿ ಬೆಳೆದ ಅಂಡಕೋಶ ಸಕಾಲಕ್ಕೆ ಒಣಗಿ ಹೋಗಿ ಹೊಸದಕ್ಕೆ ಎಡೆ ಮಾಡಿಕೊಡುವುದಿಲ್ಲ. ಅದು ಅಗತ್ಯಕ್ಕಿಂತ ಹೆಚ್ಚು ದಿನ ಉಳಿದು ದೊಡ್ಡದಾಗುತ್ತದೆ. ಅದರೊಳಗಿನ ಅಂಡವೂ ಹಳತಾಗುತ್ತದೆ. ಸಾಧನ ತೆಗೆದಾಗ ಹಸು ಚೆನ್ನಾಗಿಯೇ ಬೆದೆಗೆ ಬರುತ್ತದೆ. ಸೂಜಿ ಹಾಕಿಸಿದ್ದೂ ಆಗುತ್ತದೆ. ಆದರೆ ಗಬ್ಬ ಕಟ್ಟುವುದು ಕಡಿಮೆ. ರೈತನ ಕಣ್ಣಿಗೆ ಬೆದೆ ಕಾಣುವುದರಿಂದ ತಪ್ಪು ಎಲ್ಲಿ ಆಯಿತೆಂದು ತಿಳಿಯುವುದೇ ಇಲ್ಲ. ಸಾಧನದಲ್ಲಿ ಉಳಿಸಿದ ಹಣಕ್ಕಿಂತ ಕಳೆದುಕೊಂಡ 21 ದಿನಗಳ ಬೆಲೆ ದೊಡ್ಡದು. ಇದಲ್ಲದೆ ಒಂದು ಹಸುವಿನ ಯೋನಿಯ ಸೋಂಕು ಇನ್ನೊಂದಕ್ಕೆ ಹರಡುವ ಅಪಾಯವೂ ಇದೆ. ಸಾಧನವನ್ನು ಕತ್ತರಿಸಿ ಎರಡು ಮಾಡುವುದೂ ಇದೇ ಕಾರಣದಿಂದ ಸಲ್ಲದು. ಕತ್ತರಿಸಿದರೆ ಮೈ ವಿಸ್ತಾರ ಅರ್ಧವಾಗುತ್ತದೆ, ಗೋಡೆಗೆ ಒತ್ತಿ ನಿಲ್ಲುವ ಹಿಡಿತವೂ ಹೋಗುತ್ತದೆ.

ಮನುಷ್ಯರ ಗುಳಿಗೆ ಹಸುವಿಗೆ ಆಗದು

ಮೂರನೆಯ ಸಂದೇಹ ಸ್ತ್ರೀಯರಿಗೆ ಕೊಡುವ ಗುಳಿಗೆಗಳದು. ಗರ್ಭ ನಿಲ್ಲಲು ಸಹಾಯವಾಗುವಂತೆ ಸ್ತ್ರೀಯರಿಗೂ ಯೋನಿಯ ಮೂಲಕ ಪ್ರೊಜೆಸ್ಟರೋನ್ ಕೊಡುವುದುಂಟು. ಅಲ್ಲಿಯೂ ರೂಪಕ್ಕೆ ತಕ್ಕಂತೆ ಪ್ರಮಾಣ ಬದಲಾಗುತ್ತದೆ. ಒಳಪೊರೆಗೆ ಅಂಟಿಕೊಳ್ಳುವ ಶೇ. 8ರ ಜೆಲ್‌ನಲ್ಲಿ ಒಂದು ಸಲಕ್ಕೆ 90 ಮಿ.ಗ್ರಾಂ ಇದ್ದರೆ, ಎಣ್ಣೆಯಲ್ಲಿ ಬೆರೆಸಿದ ಮೆದು ಗುಳಿಗೆಯಲ್ಲಿ 200 ಮಿ.ಗ್ರಾಂ ಇರುವುದುಂಟು. ಜೆಲ್ ಅಂಟಿಕೊಂಡು ನಿಧಾನವಾಗಿ ಬಿಡುತ್ತದೆ. ಗುಳಿಗೆ ಕರಗಿದ ಮೇಲೆ ಒಂದಷ್ಟು ಹೊರಗೆ ಸೋರಿಹೋಗುತ್ತದೆ.

ಇಲ್ಲಿ ಒಂದು ಮುಖ್ಯ ವ್ಯತ್ಯಾಸವಿದೆ. ಯೋನಿಯಲ್ಲಿಟ್ಟ ಪ್ರೊಜೆಸ್ಟರೋನ್ ಸ್ತ್ರೀಯರ ರಕ್ತದಲ್ಲಿ ಚುಚ್ಚುಮದ್ದಿಗಿಂತ ಕಡಿಮೆ ಮಟ್ಟ ತೋರಿಸಿದರೂ ಗರ್ಭಕೋಶದ ಒಳಪದರದಲ್ಲಿ ಹೆಚ್ಚು ಇರುತ್ತದೆ ಎಂದು 1994ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಔಷಧವು ಯೋನಿಯಿಂದ ನೇರವಾಗಿ ನೆರೆಯ ಗರ್ಭಕೋಶವನ್ನು ಸೇರುತ್ತದೆ. ಅಲ್ಲಿ ಗುರಿ ಗರ್ಭಕೋಶವೇ ಆದ್ದರಿಂದ ರಕ್ತದ ಮಟ್ಟ ಕಡಿಮೆಯಿದ್ದರೂ ನಡೆಯುತ್ತದೆ. ಹಸುವಿನಲ್ಲಿ ನಮ್ಮ ಗುರಿ ಮೆದುಳು. ಅಲ್ಲಿಗೆ ಹಾರ್ಮೋನು ರಕ್ತದ ಮೂಲಕವೇ ಹೋಗಬೇಕು, ಅದೂ ಒಂದು ವಾರ ಎಡೆಬಿಡದೆ. ಹಸುವಿನ ದೊಡ್ಡ ದೇಹದಲ್ಲಿ ಗುಳಿಗೆ ಇಂತಹ ಕೆಲಸ ಮಾಡಲಾರದು. ಹೆಸರು ಒಂದೇ ಆದರೂ ಔಷಧದ ಉದ್ದೇಶ ಬೇರೆ, ರೂಪ ಬೇರೆ.

ಸಾಧನ ಒಂದೇ, ಹಸು ಬೇರೆ

ಒಂದೇ ಬಗೆಯ ಸಾಧನ ಎಲ್ಲ ಹಸುಗಳಲ್ಲಿಯೂ ಒಂದೇ ಫಲ ಕೊಡುವುದಿಲ್ಲ. ಹೆಚ್ಚು ಹಾಲು ಕೊಡುವ ಹಸು ಹೆಚ್ಚು ಮೇವು ತಿನ್ನುತ್ತದೆ. ಆಗ ಪಿತ್ತಜನಕಾಂಗಕ್ಕೆ ಹರಿಯುವ ರಕ್ತವೂ ಹೆಚ್ಚುತ್ತದೆ; ಹಾರ್ಮೋನು ಬೇಗ ಒಡೆಯುತ್ತದೆ. ಹೀಗಾಗಿ ಹಾಲು ಕರೆಯದ ಪಡ್ಡೆಯಲ್ಲಿ ಸಿಗುವ ಮಟ್ಟ ಹೆಚ್ಚು ಹಾಲಿನ ಮಿಶ್ರತಳಿ ಹಸುವಿನಲ್ಲಿ ಸಿಗಲಾರದು. ಯಾವ ಹಸುವಿಗೆ ಯಾವ ಕ್ರಮ ಎಂಬುದನ್ನು ವೈದ್ಯರೇ ನಿರ್ಧರಿಸುವುದು ಇದಕ್ಕಾಗಿಯೇ.

ಇನ್ನು ಎಲುಬು ಕಾಣುವಷ್ಟು ಬಡಕಲಾದ ಹಸುವಿನ ಅಂಡಾಶಯವೇ ಸುಪ್ತವಾಗಿರುತ್ತದೆ. ಅಂತಹ ಹಸುವಿಗೆ ಸಾಧನ ಇಟ್ಟು ಫಲ ಕಾಣುವುದು ಕಷ್ಟ. ಆಡುಗೋಡಿಯ ಸಂಸ್ಥೆಯ ಹೆಸರಿನಲ್ಲಿ ಪೋಷಣೆ ಮತ್ತು ಶರೀರಕ್ರಿಯೆ ಎರಡೂ ಜೊತೆಯಾಗಿರುವುದು ಅರ್ಥಪೂರ್ಣ. ಆ ಸಂಸ್ಥೆ ಮಣ್ಣು, ಮೇವುಗಳಲ್ಲಿನ ಕೊರತೆಯನ್ನು ನೋಡಿ ಪ್ರದೇಶಕ್ಕೆ ತಕ್ಕ ಲವಣ ಮಿಶ್ರಣಗಳನ್ನು ರೂಪಿಸಿದೆ. ಹಸಿರು ಮೇವು, ಸಮತೋಲನ ಆಹಾರ, ಲವಣ ಮಿಶ್ರಣ ಕೊಟ್ಟು, ಜಂತು ನಾಶಕ ಹಾಕಿಸಿ, ಹಸು ಮೈ ಹಿಡಿದ ಮೇಲೆ ಸಾಧನದ ಮಾತು ಎತ್ತುವುದು ಲೇಸು.

ರೈತರು ಗಮನಿಸಬೇಕಾದ ಅಂಶಗಳು

1. ಸಾಧನ ಇಡುವ ಮೊದಲು ಹಸು ಗಬ್ಬವಲ್ಲವೆಂದು ವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ಸಾಧನದ ಜೊತೆ ಕೊಡುವ ಪ್ರೊಸ್ಟಾಗ್ಲಾಂಡಿನ್ ಚುಚ್ಚುಮದ್ದು ಗಬ್ಬದ ಹಸುವಿಗೆ ಕಂದು ಹಾಕಿಸುತ್ತದೆ.

2. ಗರ್ಭಕೋಶದಲ್ಲಿ ಕೀವು, ಯೋನಿಯಲ್ಲಿ ಗಾಯ ಇರುವ ಹಸುವಿಗೆ ಮೊದಲು ಅದರ ಚಿಕಿತ್ಸೆ ಆಗಬೇಕು.

3. ಇಟ್ಟ ದಿನ, ತೆಗೆಯುವ ದಿನ ಎರಡನ್ನೂ ಕೊಟ್ಟಿಗೆಯ ಗೋಡೆಯ ಮೇಲೋ ಪುಸ್ತಕದಲ್ಲೋ ಬರೆದಿಡಬೇಕು. ಹಸುವಿಗೆ ಸಾಮಾನ್ಯವಾಗಿ 7 ದಿನ, ಕುರಿಗೆ ಸ್ಪಂಜಾದರೆ 12ರಿಂದ 14 ದಿನ. ದಿನ ತಪ್ಪಿದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

4. ಹೊರಗೆ ಇಳಿಬಿದ್ದಿರುವ ದಾರ ಅಥವಾ ಬಾಲ ದಿನವೂ ಕಾಣುತ್ತಿದೆಯೇ ನೋಡಬೇಕು. ಕಾಣದಿದ್ದರೆ ಸಾಧನ ಬಿದ್ದಿರಬಹುದು, ಇಲ್ಲವೇ ಒಳಗೆ ಸರಿದಿರಬಹುದು. ಕೂಡಲೇ ವೈದ್ಯರಿಗೆ ತಿಳಿಸಬೇಕು.

5. ಬರಿಗೈಯಲ್ಲಿ ಸಾಧನವನ್ನು ಮುಟ್ಟಬಾರದು. ಹಸುವಿನ ಒಳಪೊರೆ ಹೀರುವ ಹಾರ್ಮೋನನ್ನು ನಮ್ಮ ಅಂಗೈಯ ಚರ್ಮವೂ ಹೀರಬಲ್ಲದು. ಮನೆಯ ಹೆಣ್ಣುಮಕ್ಕಳು, ಅದರಲ್ಲಿಯೂ ಬಸುರಿಯರು, ಈ ಕೆಲಸಕ್ಕೆ ಕೈಹಾಕದಿರುವುದೇ ಕ್ಷೇಮ.

6. ತೆಗೆದ ಸಾಧನವನ್ನು ತಿಪ್ಪೆಗೋ ಕೆರೆಗೋ ಎಸೆಯಬಾರದು. ಅದರಲ್ಲಿ ಇನ್ನೂ ಹಾರ್ಮೋನು ಇದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಪಶು ಆಸ್ಪತ್ರೆಗೆ ಹಿಂತಿರುಗಿಸಬೇಕು.

7. ಹಾಲು, ಮಾಂಸದ ಬಳಕೆಗೆ ಪೊಟ್ಟಣದ ಮೇಲೆ ಯಾವುದಾದರೂ ಕಾಯುವ ಅವಧಿ ಬರೆದಿದ್ದರೆ ಅದನ್ನು ತಪ್ಪದೆ ಪಾಲಿಸಬೇಕು.

ಸಾಧನ ತೆಗೆದ ಮೇಲೆ ಎರಡು ಮೂರು ದಿನ ಬೆಳಿಗ್ಗೆ, ಸಂಜೆ ಹಸುವನ್ನು ಗಮನಿಸಿ, ವೈದ್ಯರು ಹೇಳಿದ ಹೊತ್ತಿಗೆ ಕೃತಕ ಗರ್ಭಧಾರಣೆ ಮಾಡಿಸಬೇಕು. 21 ದಿನದ ಆಸುಪಾಸಿನಲ್ಲಿ ಮತ್ತೆ ಬೆದೆ ಕಂಡರೆ ಮುಚ್ಚಿಡದೆ ತಿಳಿಸಬೇಕು. ಕಾಣದಿದ್ದರೂ ಗಬ್ಬದ ಪರೀಕ್ಷೆ ಮಾಡಿಸಿಯೇ ಖಚಿತಪಡಿಸಿಕೊಳ್ಳಬೇಕು. ಹೆಚ್ಚಿನ ವಿವರಗಳಿಗೆ ಹತ್ತಿರದ ಪಶು ಆಸ್ಪತ್ರೆಯನ್ನಾಗಲಿ ನಿಮ್ಮ ಹಾಲು ಉತ್ಪಾದಕರ ಸಂಘವನ್ನಾಗಲಿ ಸಂಪರ್ಕಿಸಬಹುದು.